ಪಾಲಯ್ಯನ ಅರ್ಕ

ವೇದಾವತಿ ಹೊಳೆಯ ದಂಡೆಯ ಮೇಲೆ ಹಂಪವ್ವನ ಆಶ್ರಮವಿತ್ತು. ಆಶ್ರಮವೆಂದರೆ ಮೂರು ಗುಡಿಸಲು, ಒಂದು ಬೇವಿನ ಮರ, ಮಣ್ಣಿನ ಗೋಡೆಯ ಒಂದು ಬಟ್ಟಿಮನೆ.

ಬಟ್ಟಿಮನೆ ಎಂಬ ಮಾತು ಕೇಳಿ ಕೆಲವರು ಬೇರೆ ಆಸೆ ಇಟ್ಟುಕೊಂಡು ಬರುವುದೂ ಇತ್ತು. ಹಂಪವ್ವ ಅವರಿಗೆ ಒಂದೊಂದು ಲೋಟ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದಳು.

ಅಲ್ಲಿ ಇಳಿಯುತ್ತಿದ್ದುದು ಸಾರಾಯಿಯಲ್ಲ, ಅರ್ಕ. ಎಲೆ, ಬೇರುಗಳನ್ನು ತಾಮ್ರದ ಹಂಡೆಯಲ್ಲಿ ಕುದಿಸಿ, ಮೇಲೇಳುವ ಹಬೆಯನ್ನು ಹಿಡಿದು ತಣಿಸಿದ ತಿಳಿನೀರು. ಬಿಸಿನೀರಿನ ಬಟ್ಟಲಿಗೆ ಅದರ ಮೂರು ಹನಿ ಬಿಟ್ಟು, ತಲೆಗೆ ಬಟ್ಟೆ ಹೊದ್ದು ಉಸಿರೆಳೆದರೆ ಕಟ್ಟಿದ ಎದೆ ಬಿಡುತ್ತದೆ ಎಂದು ಸುತ್ತಿನ ಜನ ನಂಬಿದ್ದರು.

ಪಾಲಯ್ಯ ಅಲ್ಲಿಗೆ ಮೊದಲು ಬಂದದ್ದು ಕೆಮ್ಮು ಹೊತ್ತುಕೊಂಡೇ.

ಅವನು ಎಂಟು ವರ್ಷ ಊದುಬತ್ತಿ ಕಾರ್ಖಾನೆಯಲ್ಲಿ ಸೆಂಟು ಬೆರೆಸುತ್ತಿದ್ದವನು. ಅವನ ಮೂಗು ಚುರುಕು. ಮುಚ್ಚಿದ ಸೀಸೆಯನ್ನು ಮೊಳದ ದೂರದಿಂದಲೇ ಇದು ಮಲ್ಲಿಗೆ, ಇದು ಕೇದಗೆ ಎಂದು ಹೇಳಬಲ್ಲವನು.

ಹಂಪವ್ವ ಕೊಟ್ಟ ಹಬೆಯನ್ನು ಅವನು ಎಳೆದುಕೊಂಡ. ಮೊದಲು ತುಳಸಿ ಬಂತು. ಹಿಂದೆಯೇ ಮಜ್ಜಿಗೆಹುಲ್ಲು ಬಂತು. ಆಮೇಲೆ ಏನೂ ಇಲ್ಲ.

ಅವನು ಎದ್ದು ಹೊಳೆಯವರೆಗೆ ನಡೆದ. ಅಲ್ಲಿ ನೀರಿನ ಹತ್ತಿರ ನಿಂತಾಗ ಮೂಗಿನ ಬುಡದಲ್ಲಿ ಇನ್ನೊಂದು ಘಮ ಎದ್ದಿತು. ನೀರು ಆರುತ್ತಿರುವ ಹೊಸ ಗಡಿಗೆಯಂಥ ತಣ್ಣನೆಯ ಘಮ. ಊರಿಗೆ ಹೋಗುವ ದಾರಿಯಲ್ಲೂ ಅದು ಅವನ ಜೊತೆಗೇ ಇತ್ತು.

ಅರ್ಧ ದಾರಿಗೆ ಹೋದವನು ತಿರುಗಿ ಬಂದ.

“ಅವ್ವಾ, ಆ ಸೀಸೆ ಒಂದು ಸಲ ಕೊಡು.”

ಅವನು ಬಿರಡೆ ತೆಗೆದು ಮೂಸಿದ. ಇದ್ದೂ ಇಲ್ಲದಂಥ ವಾಸನೆ. ಕಾರ್ಖಾನೆಯಲ್ಲಾಗಿದ್ದರೆ ಇಂಥದ್ದನ್ನು ಚರಂಡಿಗೆ ಸುರಿಯುತ್ತಿದ್ದರು.

“ಇಷ್ಟು ತೆಳ್ಳಗಿದ್ದು ಅಷ್ಟು ದೂರ ಹೆಂಗೆ ಬಂತು?” ಎಂದು ಕೇಳಿದ.

“ನನಗೂ ಅದೇ ಸೋಜಿಗ,” ಎಂದಳು ಹಂಪವ್ವ. “ಇದ್ದು ನೋಡು.”

ಪಾಲಯ್ಯ ಅಲ್ಲೇ ಉಳಿದ.

ಹಂಪವ್ವ ಅವನಿಂದ ಏನನ್ನೂ ಮುಚ್ಚಿಡಲಿಲ್ಲ. ತುಳಸಿ ಇಷ್ಟು, ಆಡುಸೋಗೆ ಇಷ್ಟು, ಮಜ್ಜಿಗೆಹುಲ್ಲು ಒಂದು ಹಿಡಿ, ಹೊಳೆ ದಂಡೆಯ ಲಾವಂಚದ ಬೇರು ಎರಡು ಹಿಡಿ. ಬೆಂಕಿ ಇಷ್ಟು, ನೀರು ಇಷ್ಟು. ಎಲ್ಲವನ್ನೂ ಕೈಯಲ್ಲಿ ತೋರಿಸಿಕೊಟ್ಟಳು.

ಆ ತಣ್ಣನೆಯ ಘಮ ಲಾವಂಚದ್ದೆಂದು ಅವನಿಗೆ ತಿಳಿಯಿತು. ಆದರೆ ಅವನನ್ನು ಅರ್ಧ ದಾರಿಯಿಂದ ತಿರುಗಿಸಿ ತಂದ ಪ್ರಶ್ನೆ ತೀರಲಿಲ್ಲ. ಲಾವಂಚವನ್ನು ಅವನು ಕಾರ್ಖಾನೆಯಲ್ಲಿ ಎಷ್ಟು ನೋಡಿರಲಿಲ್ಲ? ಅದು ಹೀಗೆ ಹಿಂದೆ ಹಿಂದೆ ಬಂದದ್ದಿಲ್ಲ.

ಆರು ತಿಂಗಳ ಮೇಲೆ ಅವನು ತನ್ನ ಕೈಯಾರೆ ಮೊದಲ ಅರ್ಕ ಇಳಿಸಿದ. ಕೊಳವೆಯ ಬಾಯಿಂದ ಬಿದ್ದ ಬೆಚ್ಚನೆಯ ಹನಿಯನ್ನೇ ಬೊಗಸೆಯಲ್ಲಿ ಹಿಡಿದು ಮೂಸಿದ.

ಬೇಯಿಸಿದ ಸೊಪ್ಪಿನ ನೀರಿನಂತಿತ್ತು.

“ಅವ್ವಾ, ಇದರಲ್ಲಿ ಘಮ ಇಲ್ಲ. ಗಾಢ ಆಗಬೇಕಾದ್ರೆ ಏನು ಮಾಡಬೇಕು?”

ಹಂಪವ್ವ ಆ ಅರ್ಕವನ್ನು ಒಂದು ಸೀಸೆಗೆ ತುಂಬಿ ಬಿರಡೆ ಹಾಕಿದಳು. ಕುಡಿಯುವ ನೀರಿನ ಗಡಿಗೆಯ ಕೆಳಗೆ ಸದಾ ಒದ್ದೆಯಾಗಿರುವ ಮರಳಿತ್ತು. ಸೀಸೆಯನ್ನು ಅದರಲ್ಲಿ ಕತ್ತಿನವರೆಗೆ ಹೂತಳು.

“ಇದು ಇಲ್ಲಿರಲಿ.”

“ಎಷ್ಟು ದಿನ?”

“ಅದಕ್ಕೆ ಸಾಕನಿಸೋವರೆಗೆ.”

ಪಾಲಯ್ಯನಿಗೆ ಇದು ಉತ್ತರವೆನಿಸಲಿಲ್ಲ. ಕೇಳಿದ್ದು ಒಂದು, ಸಿಕ್ಕಿದ್ದು ಒಂದು.

ಮಾರನೆಯ ದಿನ ಅವನು ಎಲೆಯನ್ನು ಎರಡರಷ್ಟು ಹಾಕಿ ಬಟ್ಟಿ ಇಳಿಸಿದ. ಅದರ ಮಾರನೆಯ ದಿನ ಮೂರರಷ್ಟು ಹಾಕಿದ. ಹಂಪವ್ವ ಬಾಗಿಲಲ್ಲಿ ನಿಂತು ನೋಡಿದಳು.

“ದಂಡೆ ಮ್ಯಾಲೆ ಗಿಡ ಏನಾದ್ರೂ ಉಳಿದೈತಾ?” ಎಂದಷ್ಟೇ ಕೇಳಿ ಹೋದಳು.

ಅವನು ಬೆಂಕಿ ಹೆಚ್ಚಿಸಿ ನೋಡಿದ. ಅರ್ಕ ಸೀದುಹೋಯಿತು. ಬೆಂಕಿ ಇಳಿಸಿ ನೋಡಿದ. ಇಡೀ ದಿನಕ್ಕೆ ಅರ್ಧ ಸೀಸೆಯೂ ತುಂಬಲಿಲ್ಲ. ಒಂದೇ ಅರ್ಕವನ್ನು ಎರಡು ಸಲ ಇಳಿಸಿದ. ಪ್ರತಿಯೊಂದನ್ನೂ ಬಟ್ಟಲಿಗೆ ಬಿಟ್ಟು, ಬಟ್ಟೆ ಹೊದ್ದು, ಉಸಿರೆಳೆದು ನೋಡಿದ. ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ.

ಒಮ್ಮೆ ಪೇಟೆಗೆ ಹೋದವನು ನೀಲಗಿರಿ ಎಣ್ಣೆಯನ್ನೂ ಕರ್ಪೂರವನ್ನೂ ತಂದ.

ಅವೆರಡೂ ಸೇರಿದ ದಿನ ಅರ್ಕ ಕೂಗಿ ಮಾತಾಡಿತು. ಬಿರಡೆ ತೆಗೆದ ಕೂಡಲೇ ಬಟ್ಟಿಮನೆ ತುಂಬಿತು. ಪಾಲಯ್ಯ ಒಬ್ಬನೇ ನಕ್ಕ.

ಬೆಳಗಾಗಿ ನೋಡಿದರೆ ಅದೇ ಸೀಸೆಯ ಘಮ ಮೆತ್ತಗಾಗಿತ್ತು. ಅವನು ಇನ್ನಷ್ಟು ಕರ್ಪೂರ ಹಾಕಿದ. ಎರಡು ದಿನ ಬಿಟ್ಟು ಮತ್ತೆ ಮೆತ್ತಗಾಯಿತು. ಅವನು ಮತ್ತಷ್ಟು ಹಾಕಿದ.

“ಅವ್ವಾ, ಹಾಕಿದ ಘಮ ಎಲ್ಲಿಗೆ ಹೋಗ್ತೈತೆ?”

“ಎಲ್ಲಿಗೂ ಹೋಗಲ್ಲ.”

“ಮತ್ತೆ ಯಾಕೆ ಸಿಗಲ್ಲ?”

“ಬಾಗಿಲು ಬಡಿದೂ ಬಡಿದೂ ಒಳಗಿನೋರು ಕಿವುಡಾದ್ರೆ, ಹೊರಗೆ ನಿಂತೋರದ್ದೇನು ತಪ್ಪು?”

ಪಾಲಯ್ಯ ಆ ಮಾತನ್ನು ತಲೆಯಲ್ಲಿಟ್ಟುಕೊಂಡು ಒಂದು ದಿನವೆಲ್ಲ ತಿರುಗಿಸಿದ. ಬಾಗಿಲು ಯಾವುದು, ಬಡಿಯುವವರು ಯಾರು ಎಂದು ತಿಳಿಯಲಿಲ್ಲ. ಕೊನೆಗೆ ಬಿಟ್ಟುಬಿಟ್ಟ.

ಆ ವಾರವೇ ಇನ್ನೊಂದು ನಡೆಯಿತು. ಅವನು ಒಲೆಯ ಮುಂದೆ ಕೂತು ಎಲೆ ಬಿಡಿಸುತ್ತಿದ್ದ. ಹಂಪವ್ವ ಹೊಳೆಯ ಕಡೆಯಿಂದ ಓಡೋಡಿ ಬಂದು ಒಲೆಯ ಮೇಲಿನ ಪಾತ್ರೆ ಇಳಿಸಿದಳು. ಹಾಲು ಸೀದು ತಳ ಕರಿಕಾಗಿತ್ತು.

“ಎದುರಿಗೇ ಕೂತಿದ್ದೀಯಲ್ಲೋ.”

“ಗೊತ್ತೇ ಆಗಲಿಲ್ಲ ಅವ್ವ.”

ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಏನೋ ಹೇಳಬೇಕೆಂದು ಬಾಯಿ ತೆರೆದವಳು ಹೇಳದೆ ಪಾತ್ರೆ ತಿಕ್ಕಲು ಕೂತಳು.

ಎರಡು ದಿನದ ಮೇಲೆ ಕೆಂಚಕ್ಕ ಬಂದಳು.

ಕೆಂಚಕ್ಕ ಕಂಬಳಿ ನೇಯುವವಳು. ಮೂವತ್ತು ವರ್ಷ ಉಣ್ಣೆಯ ದೂಳು ಕುಡಿದು ಅವಳ ಎದೆ ಕಟ್ಟಿಹೋಗಿತ್ತು. ಪ್ರತಿ ಅಮಾವಾಸ್ಯೆಗೆ ಒಂದೂವರೆ ಹರದಾರಿ ನಡೆದು ಬಂದು, ಹಬೆ ತೆಗೆದುಕೊಂಡು, ಒಂದು ಸಣ್ಣ ಸೀಸೆ ಕಟ್ಟಿಸಿಕೊಂಡು ಹೋಗುವುದು ಅವಳ ರೂಢಿ.

ಹಂಪವ್ವ ಹೊಳೆಯಾಚೆ ಬೇರು ಅಗೆಯಲು ಹೋಗಿದ್ದಳು.

“ಅವ್ವ ಬರೋವರೆಗೆ ಕೂತಿರ್ತೀನಿ ಬಿಡಪ್ಪ,” ಎಂದಳು ಕೆಂಚಕ್ಕ.

“ಯಾಕೆ ಕಾಯ್ತೀಯಕ್ಕ? ನಾನು ಕೊಡ್ತೀನಿ. ಇದು ನಾನೇ ಇಳಿಸಿದ್ದು.”

“ಅವ್ವಂದು ಇದ್ದಂಗೇ ಇರ್ತೈತಾ?”

“ಅದಕ್ಕಿಂತ ಜೋರು.”

“ಜೋರು ಅಂದ್ರೆ ಒಳ್ಳೇದೇನು?”

ಪಾಲಯ್ಯ ಆ ಪ್ರಶ್ನೆಗೆ ನಿಲ್ಲಲಿಲ್ಲ. ನೀರು ಕಾಯಿಸಿ ಬಟ್ಟಲಿಗೆ ಸುರಿದ. ಸೀಸೆ ಬಗ್ಗಿಸಿ ಮೂರು ಹನಿ ಬಿಟ್ಟ. ಮೂಸಿ ನೋಡಿದ. ಸಾಲದೆನಿಸಿತು. ಇನ್ನೂ ಮೂರು ಬಿಟ್ಟ. ಆಮೇಲೆ ಎಣಿಸಲಿಲ್ಲ.

ಕೆಂಚಕ್ಕ ಕಂಬಳಿ ಹೊದ್ದು ಬಟ್ಟಲಿನ ಮೇಲೆ ಬಗ್ಗಿದಳು.

ಒಂದು ಉಸಿರು ಎಳೆದಳು. ಎರಡನೆಯದು ಅರ್ಧಕ್ಕೇ ನಿಂತಿತು.

ಕಂಬಳಿ ಹಾರಿತು. ಬಟ್ಟಲು ಮಗುಚಿತು. ಅವಳು ಎರಡೂ ಕೈಯಿಂದ ಕೊರಳು ಹಿಡಿದುಕೊಂಡಳು. ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಎದೆಯೊಳಗಿನಿಂದ ಪೀಪಿ ಊದಿದಂಥ ಸದ್ದು ಬಂತು.

ಪಾಲಯ್ಯ ನೀರು ತಂದ. ಅವಳಿಗೆ ಕುಡಿಯಲಾಗಲಿಲ್ಲ. ಬೆನ್ನು ಸವರಿದ. ಅವಳು ಅವನ ಕೈ ತಳ್ಳಿದಳು. ಅವಳ ತುಟಿ ಕಪ್ಪಾಗತೊಡಗಿತು.

ಅವನು ಅಂಗಳಕ್ಕೆ ಓಡಿ, “ಅವ್ವಾ!” ಎಂದು ಹೊಳೆಯ ಕಡೆಗೆ ಕೂಗಿದ.

ಹಂಪವ್ವ ಬೇರಿನ ಬುಟ್ಟಿಯನ್ನು ನೀರಿನಲ್ಲೇ ಬಿಟ್ಟು ಬಂದಳು. ಏನಾಯಿತೆಂದು ಕೇಳಲಿಲ್ಲ. ಕೆಂಚಕ್ಕನ ತೋಳಿಗೆ ತೋಳು ಕೊಟ್ಟು ಹೊರಗೆ ಗಾಳಿ ಬೀಸುವ ಕಡೆ ಕರೆತಂದಳು. ಮುಂದಕ್ಕೆ ಬಗ್ಗಿಸಿ, ಕೈಗಳನ್ನು ಮೊಣಕಾಲಿನ ಮೇಲೆ ಊರಿಸಿ ಕೂರಿಸಿದಳು. ತಾನೂ ಎದುರಿಗೆ ಹಾಗೆಯೇ ಕೂತಳು.

“ನನ್ನ ನೋಡು. ಎಳೀಬ್ಯಾಡ. ಬಿಡು. ಮೆಲ್ಲಕೆ ಬಿಡು. ಬಿಟ್ರೆ ಅದಾಗೇ ಬರ್ತೈತೆ.”

ಇಬ್ಬರೂ ಎದುರುಬದುರಾಗಿ ಉಸಿರು ಬಿಡುತ್ತಾ ಕೂತರು. ಪಾಲಯ್ಯ ನಿಂತೇ ಇದ್ದ. ಬೇವಿನ ಮರದ ನೆರಳು ಸರಿದು ಸರಿದು ಕೆಂಚಕ್ಕನ ಕಾಲಿನವರೆಗೆ ಬಂದಾಗ ಆ ಪೀಪಿಯ ಸದ್ದು ನಿಂತಿತು.

“ಬದುಕಿದೆ ನಮ್ಮವ್ವ,” ಎಂದಳು ಕೆಂಚಕ್ಕ.

ಅವಳು ಪಾಲಯ್ಯನ ಕಡೆ ನೋಡಲಿಲ್ಲ. ಕಂಬಳಿ ಮಡಿಸಿ ಹೆಗಲಿಗೆ ಹಾಕಿಕೊಂಡಳು. “ಇನ್ನು ಈ ಅರ್ಕದ ಸಾವಾಸ ಬ್ಯಾಡ. ಕೆಮ್ಮಿಕೊಂಡೇ ಇರ್ತೀನಿ,” ಎಂದು ಹೊರಟಳು. ಹಂಪವ್ವ ಅವಳ ಜೊತೆ ಊರಿನವರೆಗೂ ಹೋಗಿ ಬಿಟ್ಟುಬಂದಳು.

ಅವಳು ತಿರುಗಿ ಬಂದಾಗ ಪಾಲಯ್ಯ ನಿಂತಲ್ಲೇ ಇದ್ದ.

“ಅವ್ವಾ, ನಿನ್ನಾಣೆ, ಅದರಲ್ಲಿ ಅಂಥಾ ಘಾಟು ಇರಲಿಲ್ಲ. ನಾನೇ ಮೂಸಿ ಕೊಟ್ಟೆ. ನನಗೆ ಗೊತ್ತೇ ಆಗದಷ್ಟು ಕಡಿಮೆ ಇತ್ತು.”

ಹಂಪವ್ವ ಸೀಸೆ ತೆಗೆದುಕೊಂಡು ಬಿರಡೆ ಬಿಚ್ಚಿದಳು. ತೋಳು ಚಾಚಿ ದೂರ ಹಿಡಿದಿದ್ದರೂ ಅವಳ ಕಣ್ಣಲ್ಲಿ ನೀರು ಬಂತು. ಕೂಡಲೇ ಮುಚ್ಚಿದಳು.

ಆಮೇಲೆ ಬೇಲಿಯ ಹತ್ತಿರ ಬಗ್ಗಿ ಏನನ್ನೋ ಕಿತ್ತು, ಮುಷ್ಟಿಯಲ್ಲಿ ಹೊಸಕಿ, ಅವನ ಮೂಗಿನ ಹತ್ತಿರ ಹಿಡಿದಳು.

“ಏನಿದು ಹೇಳು.”

ಪಾಲಯ್ಯ ಮೂಸಿದ. ಮತ್ತೆ ಮೂಸಿದ.

“ಬರೀ ಕೈ.”

ಹಂಪವ್ವ ಮುಷ್ಟಿ ಬಿಚ್ಚಿದಳು. ಅಂಗೈ ತುಂಬ ಅರೆದಂತಾದ ದೊಡ್ಡಪತ್ರೆ. ಹತ್ತು ಹೆಜ್ಜೆ ಆಚೆ ನಿಂತವರಿಗೂ ಬಡಿಯುವ ಎಲೆ.

ಪಾಲಯ್ಯ ಅಲ್ಲೇ ಕೂತುಬಿಟ್ಟ. ಅವನಿಗೆ ಓದು ಬರಹ ಇರಲಿಲ್ಲ, ಹೊಲ ಇರಲಿಲ್ಲ. ಇದ್ದದ್ದು ಈ ಮೂಗೊಂದೇ.

“ಸತ್ತು ಹೋಯ್ತಾ ಅವ್ವ?”

“ಸತ್ತಿಲ್ಲ. ದಣಿದೈತೆ.”

“ನನಗೆ ಮೊದಲೇ ಯಾಕೆ ಹೇಳಲಿಲ್ಲ?”

ಹಂಪವ್ವ ಅಂಗೈಯ ಎಲೆಯನ್ನು ಬೇಲಿಯ ಬುಡಕ್ಕೆ ಉದುರಿಸಿದಳು.

“ಹಾಲು ಸೀದ ದಿನ ಹೇಳಬೇಕಿತ್ತು,” ಎಂದಳು. “ನೀನೇ ಕಂಡ್ಕೊಳ್ಳಲಿ ಅಂತ ಬಿಟ್ಟೆ. ಆ ತಪ್ಪು ನಂದು. ಕೆಂಚಕ್ಕನ ಹತ್ರ ದಾರಿಯಲ್ಲಿ ಹೇಳಿಕೊಂಡೆ.”

ಗುರುವಿನ ಬಾಯಲ್ಲಿ ತಪ್ಪು ನಂದು ಎಂಬ ಮಾತು ಕೇಳಿ ಪಾಲಯ್ಯನಿಗೆ ಬೈಸಿಕೊಂಡದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು.

“ನಾಳೆಯಿಂದ ಬಟ್ಟಿಮನೆಗೆ ಕಾಲಿಡಬ್ಯಾಡ.”

“ಹೋಗು ಅಂತೀಯಾ?”

“ಹೊಳೆ ದಂಡೆಗೆ ಹೋಗು ಅಂತೀನಿ. ಬೆಳಿಗ್ಗೆ ಹೋಗಿ ಕೂತ್ಕೊ. ಸಂಜೆ ಬಂದು ಏನು ವಾಸನೆ ಬಂತು ಅಂತ ನನಗೆ ಹೇಳು.”

“ಅಲ್ಲಿ ನನಗೇನು ಕೆಲಸ?”

“ಉಸಿರಾಡೋದು.”

ಮೊದಲ ದಿನ ಪಾಲಯ್ಯ ದಂಡೆಯಲ್ಲಿ ಕೂತು ಗಾಳಿಯನ್ನು ಎಳೆದೂ ಎಳೆದೂ ಸುಸ್ತಾದ. ಸಂಜೆ ಬಂದು, “ಏನೂ ಇಲ್ಲ,” ಎಂದ.

“ಸರಿ,” ಎಂದಳು ಹಂಪವ್ವ.

ಎರಡನೆಯ ದಿನವೂ ಏನೂ ಇಲ್ಲ. ಮೂರನೆಯ ದಿನವೂ ಇಲ್ಲ.

ನಾಲ್ಕನೆಯ ದಿನ, “ಕುರಿ ಹಿಂಡು ಬಂತು,” ಎಂದ.

“ವಾಸನೆ ಬಂತಾ?”

“ಇಲ್ಲ. ಕಣ್ಣಿಗೆ ಕಂಡ್ವು.”

ಹಂಪವ್ವ ನಕ್ಕಳು. ಅವನಿಗೂ ನಗು ಬಂತು. ಆ ದಿನದಿಂದ ಅವನು ಗಾಳಿಯನ್ನು ಎಳೆಯುವುದು ಬಿಟ್ಟ. ಸುಮ್ಮನೆ ಕೂತ. ಬಂದರೆ ಬರಲಿ.

ಎಂಟನೆಯ ದಿನ ಸಂಜೆ ಅವನು ಬಿರಬಿರನೆ ನಡೆದು ಬಂದ.

“ಅವ್ವಾ, ಏನೋ ಬಂತು. ಹೆಸರು ಹೇಳೋಕಾಗಲ್ಲ.”

“ಹೆಸರು ಹಾಳಾಗಲಿ. ಯಾವ ಕಡೆಯಿಂದ ಬಂತು?”

“ಪಡುವಣದಿಂದ. ಗಾಳಿ ನಿಂತ ಕೂಡಲೇ ಹೋಯ್ತು.”

“ಸಿಹಿನಾ, ಒಗರಾ?”

ಪಾಲಯ್ಯ ಯೋಚಿಸಿದ. ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಒಂದು ವಾಸನೆಯನ್ನು ಅವನು ಹೀಗೆ ಬೆನ್ನು ಹತ್ತಿದ್ದು ಆಶ್ರಮಕ್ಕೆ ಬಂದ ಮೊದಲ ದಿನ ಬಿಟ್ಟರೆ ಇದೇ ಮೊದಲು.

ಮರುದಿನ ಅವನು ಪಡುವಣಕ್ಕೆ ನಡೆದ. ಗಾಳಿ ಬೀಸಿದಾಗ ಹೆಜ್ಜೆ ಹಾಕುವುದು, ನಿಂತಾಗ ನಿಲ್ಲುವುದು. ಎರಡು ಸಲ ದಾರಿ ತಪ್ಪಿದ. ಹಳ್ಳದ ತಿರುವಿನಲ್ಲಿ ಒಂದು ಒಂಟಿ ಜಾಲಿಮರ ಸಿಕ್ಕಿತು. ಮೈತುಂಬ ಹಳದಿ ಹೂ, ಗುಂಡಿಗಳಂತೆ. ಅವನು ಅದರ ಕೆಳಗೆ ನಿಂತು ಮೇಲೆ ನೋಡಿದ. ಸಿಹಿಯೇ. ಸಿಹಿಯ ಹಿಂದೆ ಒಂದಿಷ್ಟು ದೂಳು.

ಆಮೇಲೆ ಒಂದೊಂದಾಗಿ ಬಂದವು. ಬಿಸಿಲಿಗೆ ಕಾದ ಬಂಡೆ. ಒದ್ದೆ ಮರಳು. ಮುಂದೆ ಹೋದದ್ದು ಕುರಿಯೋ ಆಡೋ ಎನ್ನುವುದು. ಕೊನೆಗೊಂದು ಮಧ್ಯಾಹ್ನ ಕರ್ಪೂರದ ಘಾಟು ಮೂಗಿಗೆ ಹೊಡೆದು ಅವನು ಬೆಚ್ಚಿದ. ಸುತ್ತ ಯಾರೂ ಇರಲಿಲ್ಲ. ಅದು ಅವನ ಅಂಗಿಯಿಂದಲೇ ಬರುತ್ತಿತ್ತು. ಇಷ್ಟು ದಿನ ಅವನು ಅದನ್ನು ತೊಟ್ಟುಕೊಂಡೇ ಓಡಾಡಿದ್ದ.

ಅಂಗಿ ಬಿಚ್ಚಿ ಹೊಳೆಯಲ್ಲಿ ಮೂರು ಸಲ ಒಗೆದ.

ಅಂದು ಸಂಜೆ ಊಟಕ್ಕೆ ಕೂತಾಗ, “ಅವ್ವಾ, ಸಾರಿಗೆ ಉಪ್ಪು ಹೆಚ್ಚಾಗೈತೆ,” ಎಂದ.

“ತಿಂಗಳಿಂದ ಅಷ್ಟೇ ಹಾಕ್ತಿದ್ದೀನಿ. ನೀನೇ ಬೇಡಿ ಹಾಕಿಸಿಕೊಂಡಿದ್ದು.”

ಅವಳು ಎದ್ದು ಹೋಗಿ ಗಡಿಗೆಯ ಕೆಳಗಿನ ಮರಳಿನಿಂದ ಒಂದು ಸೀಸೆ ಕಿತ್ತು ತಂದಳು. ಒರೆಸಿ, ಬಿಸಿನೀರಿಗೆ ಮೂರು ಹನಿ ಬಿಟ್ಟಳು.

“ತಗೋ.”

ಪಾಲಯ್ಯ ಬಗ್ಗಿದ. ತುಳಸಿ ಬಂತು. ಮಜ್ಜಿಗೆಹುಲ್ಲು ಬಂತು. ಅವನು ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿದ. ಎರಡನೆಯ ಸುತ್ತಿಗೆ ಲಾವಂಚ ಮೆಲ್ಲಗೆ ಎದ್ದು ಬಂತು, ಕರೆಯದೆ ಬಂದ ನೆಂಟನಂತೆ.

“ಇದು ನಿಂದಾ ಅವ್ವ?”

“ನಿಂದು. ಮೊದಲನೇದು. ಸೊಪ್ಪಿನ ನೀರು ಅಂದಿದ್ದೆಯಲ್ಲ, ಅದು.”

“ಇದಕ್ಕೇನು ಬೆರೆಸಿದೆ?”

“ಏನೂ ಇಲ್ಲ.”

“ಮತ್ತೆ ಗಾಢ ಮಾಡಿದ್ದು ಯಾರು?”

“ನೀನೇ. ಇದೊಂದನ್ನ ಮುಟ್ಟದೆ ಬಿಟ್ಟಿದ್ದೆ.”

ಪಾಲಯ್ಯ ಸೀಸೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ತಿಳಿನೀರು, ಅಷ್ಟೇ. ಅವನ ಮನಸ್ಸು ಹಕ್ಕಿಯಂತೆ ಹಗುರಾಯಿತು.

“ಹಂಗಾದ್ರೆ ನಾಳೆಯಿಂದ ಬಟ್ಟಿ ಹೂಡಲಾ?”

“ನಾಳೆ ಕೆಂಚಕ್ಕನ ಮನೆಗೆ ಹೋಗು. ಈ ಅಮಾಸೆಗೆ ಅವಳು ಬರಲಿಲ್ಲ.”

ಪಾಲಯ್ಯನ ಮುಖ ಬಾಡಿತು.

“ಅವಳು ಒಳಗೆ ಬಿಡದಿದ್ರೆ?”

“ಹೊರಗೆ ಕೂತ್ಕೊ.”

ಕೆಂಚಕ್ಕನ ಮನೆ ಊರಿನ ತುದಿಯಲ್ಲಿತ್ತು. ಮಗ್ಗದ ಸದ್ದು ಬೀದಿಗೇ ಕೇಳುತ್ತಿತ್ತು. ನಾಲ್ಕು ಸಲ ಸದ್ದು, ಒಂದು ಸಲ ಕೆಮ್ಮು. ಮತ್ತೆ ನಾಲ್ಕು ಸಲ ಸದ್ದು.

ಬಾಗಿಲಲ್ಲಿ ಅವನನ್ನು ಕಂಡವಳೇ ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು.

“ಯಾಕೆ ಬಂದೆ? ಉಳಿದ ಜೀವನೂ ಒಯ್ಯೋಕಾ?”

“ತಪ್ಪಾಯ್ತಕ್ಕ.”

“ಆಯ್ತು ಅಂದ್ಯಲ್ಲ, ಹೋಗು.”

ಪಾಲಯ್ಯ ಹೋಗಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತ. ಜೊತೆಗೆ ತಂದಿದ್ದ ಆ ಮೊದಲ ಅರ್ಕದ ಸೀಸೆಯನ್ನು ಚೀಲದಿಂದ ತೆಗೆಯಲಿಲ್ಲ. ಮಗ್ಗ ಮತ್ತೆ ಶುರುವಾಯಿತು.

ಒಳಗಿನಿಂದ ಒಂದೊಂದೇ ವಾಸನೆ ಅವನವರೆಗೆ ಬಂತು. ಕುರಿಯ ಉಣ್ಣೆ. ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿ. ಅವುಗಳ ಅಡಿಯಲ್ಲಿ ಮೂವತ್ತು ವರ್ಷದ ದೂಳು. ಇವಳು ಉಸಿರಾಡುವುದು ಇದನ್ನೇ ಎಂದು ಅವನಿಗೆ ಈಗ ಹೊಳೆಯಿತು.

“ಅಕ್ಕಾ, ನಿನಗೆ ಯಾವ ವಾಸನೆ ಆಗಲ್ಲ?”

ಮಗ್ಗ ನಿಂತಿತು. ಅವಳನ್ನು ಯಾರೂ ಹಾಗೆ ಕೇಳಿದ್ದಿಲ್ಲ.

“ಕರ್ಪೂರ,” ಎಂದಳು. “ಗುಡಿಯಾಗೆ ಮಂಗಳಾರತಿ ಎತ್ತಿದ್ರೆ ನಾನು ಹೊರಗೆ ನಿಲ್ತೀನಿ. ಹತ್ತು ವರ್ಷ ಆಯ್ತು.”

ಪಾಲಯ್ಯ ತಲೆ ತಗ್ಗಿಸಿದ. ಹಿಡಿ ಹಿಡಿಯಾಗಿ ಹಾಕಿದ್ದ. ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

“ಯಾವುದು ಆಗ್ತೈತೆ?”

“ಅವ್ವನ ಅರ್ಕದಾಗೆ ಕಡೇಲಿ ಬರ್ತೈತಲ್ಲ ಒದ್ದೆ ಬೇರಿಂದು, ಅದು. ಅದು ಬಂದಾಗ ಎದೆಯಾಗೆ ಜಾಗ ಆದಂಗಾಗ್ತೈತೆ.”

“ನಿದ್ದೆ ಬರ್ತೈತಾ?”

“ಮಲಗಿದ್ರೆ ತಾನೇ? ಮಲಗಿದ್ರೆ ಉಸಿರು ಕಟ್ತೈತೆ. ಈ ಕಂಬಕ್ಕೆ ಒರಗಿ ಕೂತೇ ನಾಲ್ಕು ವರ್ಷ ಕಳೆದೆ.”

ಪಾಲಯ್ಯ ಅವಳ ಒಲೆಯಲ್ಲೇ ನೀರು ಕಾಯಿಸಲು ಅಪ್ಪಣೆ ಕೇಳಿದ. ಅವಳು ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವನು ಬಟ್ಟಲಿಗೆ ನೀರು ಸುರಿದು ಒಂದೇ ಒಂದು ಹನಿ ಬಿಟ್ಟ. ಅವಳ ಕಣ್ಣೆದುರಿಗೇ ತಾನು ಬಗ್ಗಿ ಎರಡು ಉಸಿರು ಎಳೆದುಕೊಂಡ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

ಬಟ್ಟಲನ್ನು ಅವನು ಹೊಸ್ತಿಲ ಮೇಲಿಟ್ಟ. ಮಗ್ಗದಿಂದ ಮೂರು ಮಾರು ದೂರ.

“ಹೊದಿಕೆ ಬ್ಯಾಡ. ನಿನ್ನ ಕೆಲಸ ಮಾಡ್ಕೊ. ಬೇಕನಿಸಿದ್ರೆ ನೀನೇ ಹತ್ರ ಎಳ್ಕೊ.”

ಮಗ್ಗ ಶುರುವಾಯಿತು. ಬಹಳ ಹೊತ್ತು ಏನೂ ನಡೆಯಲಿಲ್ಲ. ಆಮೇಲೆ ಕೆಂಚಕ್ಕ ಎದ್ದು, ಏನೂ ಆಗಿಲ್ಲವೆಂಬಂತೆ ಕಾಲಿನಿಂದ ಬಟ್ಟಲನ್ನು ಒಂದು ಗೇಣು ಒಳಕ್ಕೆ ಸರಿಸಿ, ಮತ್ತೆ ಹೋಗಿ ಕೂತಳು.

ಇನ್ನಷ್ಟು ಹೊತ್ತಿಗೆ ಇನ್ನೊಂದು ಗೇಣು.

ನೀರು ಆರಿದಾಗ ಅವನು ಬೇರೆ ಬಿಸಿನೀರು ತಂದ.

“ಇನ್ನೊಂದು ಹನಿ ಹಾಕು,” ಎಂದಳು ಅವಳು.

ಅವನು ಎರಡು ಹನಿ ಮಾಡಿದ. ಕೈ ತಾನಾಗಿಯೇ ಮೂರನೆಯದಕ್ಕೆ ಬಗ್ಗಿತು.

“ಸಾಕು,” ಎಂದಳು ಕೆಂಚಕ್ಕ.

ಬಗ್ಗಿದ ಕೈ ಗಾಳಿಯಲ್ಲಿ ನಿಂತಿತು. ಅವನು ಬಿರಡೆ ಹಾಕಿದ.

ಹೊತ್ತು ನೆತ್ತಿಗೆ ಬಂದಾಗ ಮಗ್ಗದ ಸದ್ದು ನಿಂತಿತು. ಪಾಲಯ್ಯ ಹೆದರಿ ಒಳಗೆ ಇಣುಕಿದ. ಕೆಂಚಕ್ಕ ನೆಲದ ಮೇಲೆ ಒಂದು ಕಂಬಳಿ ಹಾಸಿ, ಅದರ ಮೇಲೆ ಮಗ್ಗುಲಾಗಿ, ಕಾಲು ಚಾಚಿ ಮಲಗಿದ್ದಳು. ಕಣ್ಣು ಮುಚ್ಚಿತ್ತು. ಅವನು ಉಸಿರು ಬಿಗಿಹಿಡಿದು ಅವಳ ಬೆನ್ನನ್ನೇ ನೋಡಿದ. ಬೆನ್ನು ಏರಿತು, ಇಳಿಯಿತು. ಏರಿತು, ಇಳಿಯಿತು.

ಅವನು ಕಟ್ಟೆಯ ಮೇಲೆ ಕೂತು ಕಾದ.

ಬಿಸಿಲು ಹಳದಿಗೆ ತಿರುಗಿದ ಮೇಲೆ ಅವಳು ಗಡಬಡಿಸಿ ಎದ್ದು ಹೊರಗೆ ಬಂದಳು.

“ಹೊತ್ತು ಮುಳುಗ್ತಾ ಬಂತಲ್ಲೋ! ಎಬ್ಬಿಸಬಾರದಿತ್ತಾ? ಇವತ್ತಿನ ನೇಯ್ಗೆ ಹೋಯ್ತು ನನ್ನದು,” ಎಂದು ಬೈದಳು. ಬೈಯುತ್ತಲೇ ಅವನ ಕೈಯಿಂದ ಸೀಸೆ ತೆಗೆದುಕೊಂಡು ಒಳಗೆ ಹೋದಳು.

ಪಾಲಯ್ಯ ಆಶ್ರಮಕ್ಕೆ ಬಂದಾಗ ಹಂಪವ್ವ ಬೇವಿನ ಮರದ ಕೆಳಗೆ ಕೂತು ಬೇರಿನ ಮಣ್ಣು ಉದುರಿಸುತ್ತಿದ್ದಳು. ಅವನು ಎದುರಿಗೆ ಕೂತು ಎಲ್ಲವನ್ನೂ ಹೇಳಿದ. ಕಟ್ಟೆ, ಕರ್ಪೂರ, ಕಂಬ, ಗೇಣು ಗೇಣಾಗಿ ಸರಿದ ಬಟ್ಟಲು, ನಿದ್ದೆ, ಬೈಗುಳ. ಹಂಪವ್ವ ಮಣ್ಣು ಉದುರಿಸುತ್ತಲೇ ಕೇಳಿದಳು.

ಹೇಳಿ ಮುಗಿದರೂ ಅವನು ಏಳಲಿಲ್ಲ.

“ಇನ್ನೇನು?” ಎಂದಳು ಅವಳು.

“ಒಂದೇ ಒಂದು ಸಂಶಯ ಅವ್ವ. ಹಾಕಿದ್ದು ಎರಡೇ ಹನಿ. ಕಟ್ಟೆ ಮ್ಯಾಲಿದ್ದ ನನಗೇ ಅದು ಸಿಕ್ಕೂ ಸಿಗದಂಗಿತ್ತು. ಅವಳಂತೂ ವಾಸನೆ ಬಗ್ಗೆ ತುಟಿ ಪಿಟಕ್ಕನ್ನಲಿಲ್ಲ. ಇನ್ನೊಂಚೂರು ಗಾಢ ಇರಬೇಕಿತ್ತೇನೋ?”

ಹಂಪವ್ವನ ಕೈ ನಿಂತಿತು.

“ನಾಲ್ಕು ವರ್ಷದ ಮ್ಯಾಲೆ ಒಬ್ಬಳು ಕಾಲು ಚಾಚಿ ಮಲಗಿದ್ಲು,” ಎಂದಳು. “ಎಬ್ಬಿಸಿ ಕೇಳಬೇಕಿತ್ತೇನು, ‘ಘಮ ಬಂತಾ’ ಅಂತ?”